ಹತ್ತನೇ ಇನಿಂಗ್‌ನ ಪುಕ್ಕಟೆ ರನ್ನರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಕ್ರಿಕೆಟ್ ನೋಡಿ ಬೆಳೆದವನು, ಬೇಸ್‌ಬಾಲ್ ಹುಚ್ಚು ಇಲ್ಲಿಗೆ ಬಂದ ಮೇಲೆ ಹಿಡಿದದ್ದು. ಊರಿಂದ ಯಾರೇ ಬಂದರೂ ಒಂದು ಸಂಜೆ ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಒಂಬತ್ತು ಇನಿಂಗ್‌ವರೆಗೆ ಎಲ್ಲರೂ ಬೆಳ್ಳುಳ್ಳಿ ಹಾಕಿದ ಫ್ರೆಂಚ್ ಫ್ರೈಸ್ ತಿನ್ನುತ್ತಾ ಸುಮ್ನೆ ಕೂತಿರುತ್ತಾರೆ. ಪಂದ್ಯ ಹತ್ತನೆಯದಕ್ಕೆ ಹೋದರೆ ಮಾತ್ರ ಪ್ರಶ್ನೆಗಳ ಮಳೆ. ಕನ್ನಡ ಕೂಟದ ಊಟದ ಸಾಲಿನಲ್ಲಿ, ವಾಟ್ಸ್ಆಪ್‌ನಲ್ಲಿ, ಊರಿಂದ ಬರುವ ಪತ್ರಗಳಲ್ಲಿ ಕೂಡ ಅದೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಬೇರೆ ಲೀಗ್ ಅಂತ ಹೇಳದಿದ್ದರೆ, ಇಲ್ಲಿನ ಮಾತೆಲ್ಲ ಅಮೆರಿಕದ ಮೇಜರ್ ಲೀಗ್‌ದು.

## ಶುರುವಿನ ಪ್ರಶ್ನೆಗಳು

ಒಂಬತ್ತು ಇನಿಂಗ್ ಮುಗಿದ ಮೇಲೂ ಸ್ಕೋರ್ ಸಮ ಬಂದ್ರೆ ಏನ್ ಮಾಡ್ತಾರೆ?

ಇನ್ನೊಂದು ಇನಿಂಗ್ ಆಡುತ್ತಾರೆ. ಆಗಲೂ ಸಮ ಆದರೆ ಮತ್ತೊಂದು. ಹೀಗೆ ಯಾರಾದರೂ ಗೆಲ್ಲುವವರೆಗೆ. ಇದನ್ನೇ ಎಕ್ಸ್‌ಟ್ರಾ ಇನಿಂಗ್ಸ್ ಅನ್ನುವುದು.

ಬೇಸ್‌ಬಾಲ್ ಇನಿಂಗ್ ನಮ್ಮ ಕ್ರಿಕೆಟ್ ಇನಿಂಗ್ಸ್‌ನಂತೆ ಉದ್ದದ್ದಲ್ಲ. ಬ್ಯಾಟ್ ಮಾಡಿದವನು ಮೂರು ಬೇಸ್‌ಗಳನ್ನು ಒಂದೊಂದಾಗಿ ದಾಟಿ, ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ಬೇಸ್ ಮೇಲೆ ನಿಂತು ಮುಂದೆ ಓಡಲು ಕಾಯುವವನೇ ರನ್ನರ್. ಮೂರು ಜನ ಔಟಾದರೆ ಆ ತಂಡದ ಸರದಿ ಮುಗಿಯಿತು. ಹೊರಗಿನಿಂದ ಬಂದ ತಂಡ ಮೊದಲು ಬ್ಯಾಟ್ ಮಾಡುತ್ತದೆ, ಊರಿನ ತಂಡ ಆಮೇಲೆ. ಎರಡೂ ತಂಡದ ಸರದಿ ಸೇರಿದರೆ ಒಂದು ಇನಿಂಗ್. ಆದ್ದರಿಂದ ಹತ್ತನೇ ಇನಿಂಗ್‌ನಲ್ಲೂ ಇಬ್ಬರಿಗೂ ಒಂದೊಂದು ಅವಕಾಶ ಇದ್ದೇ ಇರುತ್ತದೆ. ಊರಿನ ತಂಡ ಮುಂದೆ ಹೋದ ಕ್ಷಣ ಪಂದ್ಯ ಅಲ್ಲೇ ಖಲಾಸ್. ಉಳಿದ ಔಟ್‌ಗಳನ್ನು ಆಡುವ ಗೋಜಿಲ್ಲ.

ಅವನ್ಯಾರು, ಬಾಲ್ ಹೊಡೀದೇನೇ ಸೆಕೆಂಡ್ ಬೇಸ್‌ನಲ್ಲಿ ಹೋಗಿ ನಿಂತಿರೋದು?

ಈ ಪುಟ ಹುಟ್ಟಿದ್ದೇ ಈ ಪ್ರಶ್ನೆಯಿಂದ. 2020ರಿಂದ, ಹತ್ತನೇ ಇನಿಂಗ್ ಶುರುವಾಗಿ ಮುಂದಿನ ಪ್ರತಿ ಸರದಿಯೂ ಸೆಕೆಂಡ್ ಬೇಸ್‌ನಲ್ಲಿ ಒಬ್ಬ ರನ್ನರ್ ಇಟ್ಟುಕೊಂಡೇ ಶುರುವಾಗುತ್ತದೆ. ಈ ಸರದಿಯಲ್ಲಿ ಮೊದಲು ಬ್ಯಾಟ್ ಮಾಡಬೇಕಾದವನ ಹಿಂದಿನ ಕ್ರಮಾಂಕದ ಆಟಗಾರನೇ ಆ ರನ್ನರ್. ಸಾಮಾನ್ಯವಾಗಿ ಹಿಂದಿನ ಇನಿಂಗ್‌ನಲ್ಲಿ ಕೊನೆಗೆ ಔಟಾದವನು. ಅಂದರೆ ಈಗಷ್ಟೇ ಸೋತು ಮುಖ ಸಣ್ಣ ಮಾಡಿಕೊಂಡು ಹೋದವನು ಹತ್ತು ನಿಮಿಷದಲ್ಲಿ ರನ್ ಗಳಿಸುವ ಜಾಗದಲ್ಲಿ ನಿಂತಿರುತ್ತಾನೆ! ಅವನ ಬದಲು ಜೋರಾಗಿ ಓಡುವ ಇನ್ನೊಬ್ಬನನ್ನೂ ಇಳಿಸಬಹುದು.

ನಿಯಮದ ಪುಸ್ತಕದಲ್ಲಿ ಅವನ ಹೆಸರು ಆಟೊಮ್ಯಾಟಿಕ್ ರನ್ನರ್. ಜನ ಕರೆಯುವುದು ಘೋಸ್ಟ್ ರನ್ನರ್, ಅಂದರೆ ದೆವ್ವದ ರನ್ನರ್. ಸಿಟ್ಟು ಬಂದವರು ಲೀಗ್ ನಡೆಸುವ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಹೆಸರು ಹಿಡಿದು ಮ್ಯಾನ್‌ಫ್ರೆಡ್ ರನ್ನರ್ ಅನ್ನುತ್ತಾರೆ. ನನಗೆ ಪುಕ್ಕಟೆ ರನ್ನರ್ ಅನ್ನುವುದೇ ಸರಿ ಅನಿಸುತ್ತದೆ. ದೆವ್ವಕ್ಕೆ ಕಾಲಿರುವುದಿಲ್ಲ, ಇವನು ಚೆನ್ನಾಗಿಯೇ ಓಡುತ್ತಾನೆ.

ಡ್ರಾ ಅಂತ ಬರೆದು ಮನೆಗೆ ಹೋಗೋಕೆ ಏನು ಕಷ್ಟ ಇವರಿಗೆ?

ಅಮೆರಿಕದವರಿಗೆ ಡ್ರಾ ಅಂದರೆ ಉಪ್ಪಿಲ್ಲದ ಸಾರು. ಹಿಂದೆ ಮೈದಾನದಲ್ಲಿ ದೀಪ ಇಲ್ಲದ ಕಾಲದಲ್ಲಿ ಕತ್ತಲಾದರೆ ಟೈ ಅಂತ ಬರೆದುಕೊಳ್ಳುತ್ತಿದ್ದರು. ಮೇಜರ್ ಲೀಗ್‌ನಲ್ಲಿ ಮೊದಲ ರಾತ್ರಿ ಪಂದ್ಯ ನಡೆದದ್ದು 1935ರಲ್ಲಿ, ಸಿನ್ಸಿನಾಟಿಯಲ್ಲಿ. ದೀಪ ಬಂದ ಮೇಲೆ ನಿಲ್ಲಿಸಲು ನೆಪವೇ ಇಲ್ಲದಂತಾಯಿತು.

ಜಪಾನಿನವರಿಗೆ ಈ ಮುಜುಗರ ಇಲ್ಲ. ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ 12 ಇನಿಂಗ್ ಆದ ಮೇಲೂ ಸಮ ಇದ್ದರೆ ಟೈ, ನಮಸ್ಕಾರ ಮಾಡಿ ಹೊರಡುತ್ತಾರೆ. 2011ರ ಭೂಕಂಪದ ನಂತರ ವಿದ್ಯುತ್ ಉಳಿಸಲೆಂದು ಮೂರೂವರೆ ಗಂಟೆ ದಾಟಿದರೆ ಹೊಸ ಇನಿಂಗ್ ಬೇಡ ಅಂತಲೂ ಮಾಡಿದ್ದರು. 2021ರಲ್ಲಿ ಕೊರೋನಾ ಕಾರಣಕ್ಕೆ ಒಂಬತ್ತಕ್ಕೇ ನಿಲ್ಲಿಸಿದರು. ಕೊರಿಯಾದಲ್ಲೂ 12 ಇತ್ತು, 2025ರಲ್ಲಿ 11ಕ್ಕೆ ಇಳಿಸಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಐದು ದಿನ ಆಡಿ ಡ್ರಾ ಮಾಡಿಕೊಂಡು ಬಂದವರನ್ನು ಹಾರ ಹಾಕಿ ಸ್ವಾಗತಿಸಿದ ದೇಶದಿಂದ ಬಂದ ನನಗೂ ಟೈ ಅಂದರೆ ಬೇಜಾರಿಲ್ಲ. ಆದರೆ ಇಲ್ಲಿನ ನನ್ನ ಪಕ್ಕದ ಮನೆಯವರಿಗೆ ಈ ಮಾತು ಹೇಳಿ ನೋಡಿ.

## ಹಿಂದಿನ ಕಥೆ

ಬೆಳಗಿನ ಜಾವದವರೆಗೂ ಆಡಿದ್ದರಂತೆ, ನಿಜಾನಾ ಇಲ್ಲ ಬುರುಡೆನಾ?

ನಿಜ. ಒಂದಲ್ಲ, ಹಲವು ಸಲ. ಆದರೆ ಒಂದು ಕಥೆ ಮಾತ್ರ ಪೂರ್ತಿ ಹೇಳಲೇಬೇಕು.

1981ರ ಏಪ್ರಿಲ್ 18, ಶನಿವಾರ. ಮರುದಿನ ಈಸ್ಟರ್. ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಎಂಬ ಊರಲ್ಲಿ ಮೈನರ್ ಲೀಗ್, ಅಂದರೆ ಮೇಜರ್‌ಗಿಂತ ಕೆಳಗಿನ ಹಂತದ ಪಂದ್ಯ. ಪಾಟಕೆಟ್ ರೆಡ್ ಸಾಕ್ಸ್ ವಿರುದ್ಧ ರಾಚೆಸ್ಟರ್ ರೆಡ್ ವಿಂಗ್ಸ್. ಇಂತಿಷ್ಟು ಹೊತ್ತಾದ ಮೇಲೆ ಹೊಸ ಇನಿಂಗ್ ಶುರು ಮಾಡಬಾರದು ಅನ್ನುವ ನಿಯಮ ಆ ಲೀಗ್‌ಗೆ ಇತ್ತು. ಆದರೆ ಅಂಪೈರ್‌ಗಳ ಕೈಯಲ್ಲಿದ್ದ ಆ ವರ್ಷದ ಕೈಪಿಡಿಯಲ್ಲಿ ಆ ಸಾಲು ಇರಲಿಲ್ಲ. ಸರಿ, ಆಡಿದರು. ಚಳಿ ಎಷ್ಟಿತ್ತು ಅಂದರೆ ಮುರಿದ ಬ್ಯಾಟ್‌ಗಳಿಗೆ ಬೆಂಕಿ ಹಚ್ಚಿ ಆಟಗಾರರು ಕೈ ಕಾಯಿಸಿಕೊಂಡರು. ಲೀಗ್ ಅಧ್ಯಕ್ಷರು ಫೋನ್‌ಗೆ ಸಿಕ್ಕಿ, ನಿಲ್ಲಿಸಿ ಮಾರಾಯ್ರೇ ಅಂದಾಗ ಬೆಳಗಿನ ಜಾವ 4 ಗಂಟೆ 7 ನಿಮಿಷ. 32 ಇನಿಂಗ್ ಆಗಿತ್ತು. ಸ್ಕೋರ್ 2-2. ಇಡೀ ಮೈದಾನದಲ್ಲಿ ಉಳಿದಿದ್ದ ಪ್ರೇಕ್ಷಕರು 19 ಜನ.

ಪಾಟಕೆಟ್ ಪಿಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಥರ) ಲೂಯಿಸ್ ಅಪೊಂಟೆ ತನ್ನ ಕೆಲಸ ಮುಗಿದ ಮೇಲೆ ಮೊದಲೇ ಮನೆಗೆ ಹೋದ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗಂಡನನ್ನು ಹೆಂಡತಿ ನಂಬಲಿಲ್ಲ. ಬೇಸ್‌ಬಾಲ್ ಆಡುತ್ತಿದ್ದೆ, ಬೇಕಾದರೆ ನಾಳೆ ಪೇಪರ್ ನೋಡು ಅಂದ. ಪಂದ್ಯ ಮುಗಿಯದೇ ಇದ್ದದ್ದರಿಂದ ಬೆಳಿಗ್ಗೆ ಪೇಪರ್‌ನಲ್ಲಿ ಸುದ್ದಿಯೇ ಇರಲಿಲ್ಲ. ಪಾಪ.

ಜೂನ್ 23ಕ್ಕೆ ಪಂದ್ಯ ಮತ್ತೆ ಶುರುವಾಯಿತು. ಬರೀ 18 ನಿಮಿಷ. 33ನೇ ಇನಿಂಗ್‌ನಲ್ಲಿ ಪಾಟಕೆಟ್ 3-2ರಿಂದ ಗೆದ್ದಿತು. ಒಟ್ಟು ಆಡಿದ ಸಮಯ 8 ಗಂಟೆ 25 ನಿಮಿಷ. ಮುಂದೆ ಹಾಲ್ ಆಫ್ ಫೇಮ್ ಸೇರಿದ ಕ್ಯಾಲ್ ರಿಪ್ಕೆನ್ ಜೂನಿಯರ್ ಮತ್ತು ವೇಡ್ ಬಾಗ್ಸ್ ಇಬ್ಬರೂ ಅಲ್ಲಿ ಆಡಿದ್ದರು, ಎದುರುಬದುರು ತಂಡಗಳಲ್ಲಿ.

ಮೇಜರ್ ಲೀಗ್‌ನಲ್ಲಿ ಅತಿ ಹೆಚ್ಚು ಹೊತ್ತು ನಡೆದದ್ದು 1984ರ ಮೇ ತಿಂಗಳ ಶಿಕಾಗೊ ವೈಟ್ ಸಾಕ್ಸ್ ಮತ್ತು ಮಿಲ್ವಾಕಿ ಬ್ರೂವರ್ಸ್ ಪಂದ್ಯ. ಎರಡು ದಿನ, 25 ಇನಿಂಗ್, 8 ಗಂಟೆ 6 ನಿಮಿಷ. ಮರುವರ್ಷ ಅಟ್ಲಾಂಟಾದಲ್ಲಿ ಜುಲೈ 4ರ ರಾತ್ರಿ ಶುರುವಾದ ಪಂದ್ಯ 19 ಇನಿಂಗ್ ಎಳೆದು ಮುಗಿದಾಗ ಬೆಳಗಿನ 3 ಗಂಟೆ 55 ನಿಮಿಷ. ಸ್ವಾತಂತ್ರ್ಯ ದಿನದ ಪಟಾಕಿ ಹೊಡೆಯುತ್ತೇವೆ ಅಂತ ಮಾತು ಕೊಟ್ಟಾಗಿತ್ತಲ್ಲ, ನಾಲ್ಕು ಗಂಟೆಗೆ ಹೊಡೆದರು. ಊರಿಗೆ ಶತ್ರು ನುಗ್ಗಿದ ಅಂದುಕೊಂಡು ಕೆಲವರು ಪೊಲೀಸರಿಗೆ ಫೋನ್ ಮಾಡಿದರಂತೆ.

ಹಿಂದೆ ಒಬ್ಬನೇ 26 ಇನಿಂಗ್ ಬಾಲ್ ಎಸೆದಿದ್ದನಂತೆ. ಈಗಿನ ಹುಡುಗರಿಗೆ ಏನು ರೋಗ?

ಒಬ್ಬನಲ್ಲ, ಇಬ್ಬರು. 1920ರ ಮೇ 1, ಬಾಸ್ಟನ್. ಬ್ರೂಕ್ಲಿನ್ ಕಡೆಯಿಂದ ಲಿಯಾನ್ ಕಾಡೋರ್, ಬಾಸ್ಟನ್ ಕಡೆಯಿಂದ ಜೋ ಓಶ್ಗರ್. ಇಬ್ಬರೂ ಪೂರ್ತಿ 26 ಇನಿಂಗ್ ಎಸೆದರು. ಕತ್ತಲಾಯಿತು, 1-1ರಲ್ಲಿ ಟೈ. ಅಷ್ಟಕ್ಕೆಲ್ಲ ಹಿಡಿದ ಸಮಯ 3 ಗಂಟೆ 50 ನಿಮಿಷ. ನಾಲ್ಕೈದು ವರ್ಷದ ಹಿಂದಿನವರೆಗೂ ನಾನು ಒಂಬತ್ತೇ ಇನಿಂಗ್‌ಗೆ ಅಷ್ಟು ಹೊತ್ತು ಕೂತದ್ದುಂಟು.

ರೋಗ ಏನಿಲ್ಲ, ಆಟ ಬೇರೆ ಆಗಿದೆ. ಆಗ ಪಿಚರ್ ಶಕ್ತಿ ಕಾಯ್ದಿಟ್ಟುಕೊಂಡು ಎಸೆಯುತ್ತಿದ್ದ. ಈಗ ಒಂದೊಂದು ಎಸೆತವೂ ಮೈಯೆಲ್ಲ ಹಿಂಡಿ ಬರುತ್ತದೆ. ಗಂಟೆಗೆ 95 ಮೈಲಿ ಈಗ ಮಾಮೂಲು. ಅಷ್ಟು ಜೋರಾಗಿ ನೂರು ಎಸೆತ ಎಸೆದರೆ ಮೊಣಕೈ ಕೇಳುವುದಿಲ್ಲ, ಮಧ್ಯದಲ್ಲಿ ನಾಲ್ಕೈದು ದಿನ ಬಿಡುವು ಬೇಕು. ಒಂದು ಇನಿಂಗ್‌ಗೆಂದೇ ಬರುವ ರಿಲೀವರ್‌ಗಳ ಕಥೆಯೂ ಅಷ್ಟೇ. ಮೂರು ದಿನ ಸತತ ಎಸೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ವಾದವೆಲ್ಲ ಇದರ ಮೇಲೇ ನಿಂತಿದೆ.

ಈ ಪುಕ್ಕಟೆ ರನ್ನರ್ ಐಡಿಯಾ ಯಾರ ತಲೆಗೆ, ಯಾವಾಗ ಬಂತು?

ಮೇಜರ್ ಲೀಗ್ ಕಂಡುಹಿಡಿದದ್ದಲ್ಲ. ಸಾಫ್ಟ್‌ಬಾಲ್‌ನಲ್ಲಿ ಮೊದಲೇ ಇತ್ತು. ಬೇಸ್‌ಬಾಲ್‌ನಲ್ಲಿ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 11ನೇ ಇನಿಂಗ್‌ನಿಂದ ಒಬ್ಬನಲ್ಲ, ಇಬ್ಬರನ್ನು ಬೇಸ್ ಮೇಲೆ ನಿಲ್ಲಿಸಿದರು. ಅಮೆರಿಕದ ಮೈನರ್ ಲೀಗ್‌ಗಳಿಗೆ ಒಬ್ಬ ರನ್ನರ್‌ನ ನಿಯಮ 2018ರಲ್ಲಿ ಬಂತು.

2020ರಲ್ಲಿ ಕೊರೋನಾದಿಂದ ಮೇಜರ್ ಲೀಗ್ ಋತು 162 ಪಂದ್ಯದಿಂದ 60ಕ್ಕೆ ಇಳಿಯಿತು. ಆಟಗಾರರು ಹೆಚ್ಚು ಹೊತ್ತು ಒಟ್ಟಿಗೆ ಇರುವುದು ಬೇಡ, ಪಿಚರ್‌ಗಳು ಸುಸ್ತಾಗುವುದೂ ಬೇಡ ಅಂತ ಈ ನಿಯಮವನ್ನು ತಾತ್ಕಾಲಿಕ ಅಂತ ತಂದರು. 2021 ಮತ್ತು 2022ರಲ್ಲೂ ಮುಂದುವರಿಸಿದರು. 2023ರ ಫೆಬ್ರುವರಿಯಲ್ಲಿ ಕಾಯಂ ಆಯಿತು. ಅದರ ಜೊತೆಗೆ ಬಂದಿದ್ದ ಏಳು ಇನಿಂಗ್‌ನ ಡಬಲ್ ಹೆಡರ್ (ಒಂದೇ ದಿನ ಎರಡು) ಪಂದ್ಯಗಳು ಮಾತ್ರ 2022ಕ್ಕೇ ಹೋದವು. ತಾತ್ಕಾಲಿಕ ಅಂತ ಹಾಕಿದ ಶೀಟಿನ ಮನೆ ಎಷ್ಟು ವರ್ಷ ನಿಲ್ಲುತ್ತದೆ ಅಂತ ನಮಗೆ ಗೊತ್ತಲ್ಲ!

## ನಿಯಮದ ಒಳಲೆಕ್ಕ

ಒಬ್ಬನ್ನ ಸೆಕೆಂಡ್ ಬೇಸ್‌ನಲ್ಲಿ ನಿಲ್ಲಿಸಿದ್ರೆ ಅಷ್ಟೊಂದು ಬದಲಾಗಿಬಿಡುತ್ತಾ?

ಆಗುತ್ತದೆ. ಬೇಸ್ ಖಾಲಿ, ಔಟ್ ಯಾರೂ ಇಲ್ಲ ಅನ್ನುವಲ್ಲಿಂದ ಶುರುವಾದ ಸರದಿಯಲ್ಲಿ ಸರಾಸರಿ ಅರ್ಧ ರನ್ ಬರುತ್ತದೆ. ಸೆಕೆಂಡ್ ಬೇಸ್‌ನಲ್ಲಿ ಒಬ್ಬ ಇದ್ದರೆ ಆ ಸರಾಸರಿ ಹೆಚ್ಚುಕಡಿಮೆ 1.1. ಒಂದಾದರೂ ರನ್ ಬರುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಚೂರು ಜಾಸ್ತಿ ಇದ್ದದ್ದು ಐದರಲ್ಲಿ ಮೂರರ ಆಸುಪಾಸಿಗೆ ಏರುತ್ತದೆ.

ಕಾರಣ ಸರಳ. ಸೆಕೆಂಡ್ ಬೇಸ್‌ನಲ್ಲಿರುವವನು ರನ್ ಆಗಲು ಸಿಕ್ಸರ್ ಥರ ಹೊಡೆತವೇನೂ ಬೇಡ. ಒಂದು ಸಾಧಾರಣ ಸಿಂಗಲ್, ಅಂದರೆ ಹೊಡೆದವನು ಮೊದಲ ಬೇಸ್ ಮುಟ್ಟುವಷ್ಟು ಹೊಡೆತ ಸಾಕು. ಸಿಂಗಲ್ಲೂ ಬೇಡ: ಒಬ್ಬ ಔಟಾಗುತ್ತಾ ಅವನನ್ನು ಮೂರನೇ ಬೇಸ್‌ಗೆ ದೂಡಿದ, ಇನ್ನೊಬ್ಬ ದೂರಕ್ಕೆ ಎತ್ತಿ ಹೊಡೆದು ಕ್ಯಾಚ್ ಕೊಟ್ಟ. ಕ್ಯಾಚ್ ಆದ ಮೇಲೆ ರನ್ನರ್ ಓಡಿ ಬಂದ. ಒಂದೇ ಒಂದು ಹಿಟ್ ಇಲ್ಲದೆ ಪಂದ್ಯ ಗೆದ್ದಾಯಿತು. ನನಗೆ ಕಸಿವಿಸಿ ಆಗುವುದು ಇಲ್ಲೇ.

ಹಾಗಾಗಿ ಹೆಚ್ಚಿನ ಪಂದ್ಯಗಳು ಈಗ 10ರಲ್ಲೋ 11ರಲ್ಲೋ ಮುಗಿಯುತ್ತವೆ. ಹಾಗಂತ ಎಳೆದಾಟ ಪೂರ್ತಿ ಸತ್ತಿಲ್ಲ. 2021ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಮತ್ತು ಸ್ಯಾನ್ ಡಿಯಾಗೊ ಪಾಡ್ರೇಸ್ ಈ ನಿಯಮದಲ್ಲೇ 16 ಇನಿಂಗ್ ಆಡಿದರು.

ಮೊದಲು ಬ್ಯಾಟ್ ಮಾಡೋರಿಗೆ ಇದು ಅನ್ಯಾಯ ಅಲ್ವಾ? ಎಷ್ಟು ಹೊಡೀಬೇಕು ಅಂತಾನೇ ಗೊತ್ತಿರಲ್ಲ.

ಒಳ್ಳೆ ಪ್ರಶ್ನೆ. ಚೇಸಿಂಗ್ ನೋಡಿ ಬೆಳೆದವರೇ ಇದನ್ನು ಕೇಳುತ್ತಾರೆ. ಹೊರಗಿನ ತಂಡ ಸೊನ್ನೆಗೆ ಔಟಾಯಿತು ಅಂದುಕೊಳ್ಳಿ. ಊರಿನ ತಂಡಕ್ಕೆ ಒಂದೇ ರನ್ ಬೇಕು. ಆಗ ಅವರು ಬಂಟ್ ಮಾಡಬಹುದು, ಅಂದರೆ ಬ್ಯಾಟನ್ನು ಸುಮ್ನೆ ಅಡ್ಡ ಹಿಡಿದು ಚೆಂಡನ್ನು ಮುಂದೆ ಬೀಳಿಸಿ, ತಾನು ಔಟಾಗಿ ರನ್ನರ್‌ನನ್ನು ಮೂರನೇ ಬೇಸ್‌ಗೆ ಕಳಿಸುವುದು. ಹೊರಗಿನ ತಂಡಕ್ಕೆ ಈ ಧೈರ್ಯ ಬರುವುದಿಲ್ಲ. ಒಂದು ರನ್ ಸಾಕಾಗುತ್ತದೋ ಇಲ್ಲವೋ ಗೊತ್ತಿಲ್ಲದಾಗ ಔಟ್ ದಾನ ಮಾಡುವುದು ಹೇಗೆ?

ಇನ್ನೊಂದು ಕಡೆಯಿಂದಲೂ ನೋಡಿ. ಹೊರಗಿನ ತಂಡ ಎರಡು ಮೂರು ರನ್ ಬಾರಿಸಿಬಿಟ್ಟರೆ ಒತ್ತಡವೆಲ್ಲ ಊರಿನವರ ತಲೆ ಮೇಲೆ. ಬಂಟ್ ಗಿಂಟ್ ಎಲ್ಲ ಆಗ ಕೆಲಸಕ್ಕೆ ಬಾರದು. ಇನ್ನೊಂದು ಉಪಾಯ ಎರಡೂ ಕಡೆಯವರಿಗೆ ಇದೆ. ಮೊದಲ ಬೇಸ್ ಖಾಲಿ ಇರುವುದರಿಂದ ಒಳ್ಳೆ ಬ್ಯಾಟರ್ ಬಂದರೆ ಅವನನ್ನು ಬೇಕಂತಲೇ ಹೊಡೆಯಲು ಬಿಡದೆ ಮೊದಲ ಬೇಸ್‌ಗೆ ಪುಕ್ಕಟೆಯಾಗಿ ನಡೆಸಿ ಕಳಿಸಿ, ಮುಂದಿನವನ ಕೈಲಿ ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡಲು ನೋಡುತ್ತಾರೆ. 2017ರಿಂದ ಇದಕ್ಕೆ ನಾಲ್ಕು ಬಾಲ್ ಎಸೆಯುವುದೂ ಬೇಡ, ಮ್ಯಾನೇಜರ್ ಕೈ ತೋರಿಸಿದರೆ ಸಾಕು. ಹಣ ಕೊಟ್ಟು ಸ್ಟಾರ್ ಆಟಗಾರನನ್ನು ನೋಡಲು ಬಂದವರಿಗೆ ಅವನು ಕೈಬೀಸಿಕೊಂಡು ನಡೆದು ಹೋಗುವುದು ಕಾಣುತ್ತದೆ. ನನ್ನ ಪ್ರಕಾರ ದೊಡ್ಡ ಅನ್ಯಾಯ ಇದೇ.

ಒಟ್ನಲ್ಲಿ ಎಷ್ಟು ಟೈಮ್ ಉಳೀತು ಹೇಳಿ.

ಇಲ್ಲಿ ನನ್ನದೊಂದು ಕೈಲೆಕ್ಕ ಇದೆ. ಒಂದು ಋತುವಿಗೆ 2430 ಪಂದ್ಯ. ಅದರಲ್ಲಿ ಹೆಚ್ಚುವರಿ ಇನಿಂಗ್‌ಗೆ ಹೋಗುವುದು ಸುಮಾರು 200, ಅಂದರೆ ನೂರಕ್ಕೆ ಎಂಟೋ ಒಂಬತ್ತೋ. ಈಗ ಒಂದು ಇನಿಂಗ್‌ಗೆ ಹಿಡಿಯುವುದು 17 ನಿಮಿಷದ ಆಸುಪಾಸು. ಹೊಸ ನಿಯಮದಿಂದ ಅಂಥ ಪಂದ್ಯ ಒಂದಕ್ಕೆ ಒಂದು ಇನಿಂಗ್ ಉಳಿಯಿತು ಅಂತಲೇ ಇಟ್ಟುಕೊಳ್ಳೋಣ. ಎಲ್ಲ ಪಂದ್ಯಗಳಿಗೂ ಹಂಚಿದರೆ ತಲಾ ಒಂದೂವರೆ ನಿಮಿಷ ಕೂಡ ಬರಲಿಲ್ಲ!

ಈಗ 2023ರಲ್ಲಿ ಬಂದ ಪಿಚ್ ಕ್ಲಾಕ್ ನೋಡಿ. ಬೇಸ್ ಖಾಲಿ ಇದ್ದರೆ 15 ಸೆಕೆಂಡ್, ರನ್ನರ್ ಇದ್ದರೆ 20 ಸೆಕೆಂಡ್ ಒಳಗೆ ಎಸೆಯಬೇಕು. ಆ 20 ಮರುವರ್ಷ 18 ಆಯಿತು. 2022ರಲ್ಲಿ ಒಂಬತ್ತು ಇನಿಂಗ್ ಪಂದ್ಯಕ್ಕೆ ಸರಾಸರಿ 3 ಗಂಟೆ 4 ನಿಮಿಷ ಹಿಡಿಯುತ್ತಿತ್ತು, 2023ರಲ್ಲಿ 2 ಗಂಟೆ 40 ನಿಮಿಷ. ಅಂದರೆ ಪ್ರತಿ ಪಂದ್ಯದಲ್ಲೂ 24 ನಿಮಿಷ. ಆಟ ಎಷ್ಟು ಬೇಗ ಮುಗಿಯತೊಡಗಿತು ಅಂದರೆ, ಏಳನೇ ಇನಿಂಗ್‌ಗೆ ಬಿಯರ್ ಮಾರಾಟ ನಿಲ್ಲಿಸುತ್ತಿದ್ದ ಕೆಲವು ಮೈದಾನಗಳು ವ್ಯಾಪಾರ ಹೋಗುತ್ತದೆ ಅಂತ ಎಂಟಕ್ಕೆ ಮುಂದೂಡಿದವು.

ಆದ್ದರಿಂದ ಪಂದ್ಯ ಚಿಕ್ಕದು ಮಾಡಲು ಪುಕ್ಕಟೆ ರನ್ನರ್ ಬೇಕು ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಆ ಕೆಲಸವನ್ನು ಗಡಿಯಾರ ಮಾಡಿ ಮುಗಿಸಿದೆ.

ಹಾಗಾದ್ರೆ ಟೀಮ್‌ನವರು ಯಾಕೆ ಇದನ್ನ ಬಿಡ್ತಿಲ್ಲ?

ಮರುದಿನದ ಪಂದ್ಯಕ್ಕಾಗಿ. ಇಲ್ಲಿ ವಾರಕ್ಕೆ ಆರು ದಿನ ಆಟ. ತಂಡದಲ್ಲಿ 26 ಜನ, ಅದರಲ್ಲಿ ಪಿಚರ್‌ಗಳು ಹೆಚ್ಚೆಂದರೆ 13. ಅವರಲ್ಲಿ ಐವರು ಪಂದ್ಯ ಶುರು ಮಾಡುವವರು, ಅವರನ್ನು ಮುಟ್ಟುವ ಹಾಗಿಲ್ಲ. ಉಳಿದ ಎಂಟು ಜನ ಒಂದು 17 ಇನಿಂಗ್ ಪಂದ್ಯದಲ್ಲಿ ಖರ್ಚಾಗಿ ಹೋಗುತ್ತಾರೆ. ಕೊನೆಗೆ ಯಾರೋ ಫೀಲ್ಡರ್ ಬಂದು ಮೆಲ್ಲಗೆ ಎಸೆಯಬೇಕಾಗುತ್ತದೆ. ನೋಡಲು ತಮಾಷೆ, ಸೋಲು ಮಾತ್ರ ನಿಜವಾದದ್ದು.

ಇದರ ಇನ್ನೊಂದು ಮುಖ ಟಿವಿಯಲ್ಲಿ ಕಾಣುವುದಿಲ್ಲ. ಉದ್ದದ ಪಂದ್ಯ ಮುಗಿದ ರಾತ್ರಿಯೇ ಯಾರೋ ಒಬ್ಬ ಎಳೆಯ ಪಿಚರ್‌ಗೆ ಕರೆ ಬರುತ್ತದೆ: ನೀನು ಮೈನರ್ ಲೀಗ್‌ಗೆ ಹೊರಡು, ನಾಳೆಗೆ ದಣಿಯದ ತೋಳು ಬೇಕು. ಅವನು ಚೆನ್ನಾಗಿ ಆಡಿರುತ್ತಾನೆ. ನಾಲ್ಕು ಇನಿಂಗ್ ಎಸೆದು ತಂಡ ಉಳಿಸಿರುತ್ತಾನೆ. ಉಳಿಸಿದ್ದೇ ತಪ್ಪು, ಯಾಕೆಂದರೆ ಇನ್ನು ನಾಲ್ಕು ದಿನ ಅವನು ಎಸೆಯಲಾರ. ಒಬ್ಬನನ್ನು ಹೀಗೆ ಋತುವಿಗೆ ಐದು ಸಲಕ್ಕಿಂತ ಹೆಚ್ಚು ಕೆಳಗೆ ಕಳಿಸಬಾರದು ಅಂತ ಈಗ ಮಿತಿ ಹಾಕಿದ್ದಾರೆ. ಆಟಗಾರರೇ ಈ ರನ್ನರ್ ನಿಯಮಕ್ಕೆ ಜೋರಾಗಿ ಅಡ್ಡ ಬಾರದಿರುವುದಕ್ಕೆ ನನಗೆ ಕಾಣುವ ಕಾರಣ ಇದೇ.

## ವಾದ ಮಾಡುವವರಿಗೆ

ಪ್ಲೇಆಫ್‌ನಲ್ಲಿ ಈ ರನ್ನರ್ ಕಾಣಿಸೋದೇ ಇಲ್ಲ. ಅಲ್ಲಿ ಸುಸ್ತಾಗಲ್ವಾ?

ಆಗುತ್ತದೆ, ಇನ್ನೂ ಜಾಸ್ತಿ. ಆದರೂ ಅಲ್ಲಿ ಹಳೇ ನಿಯಮವೇ. 2018ರ ವರ್ಲ್ಡ್ ಸೀರೀಸ್‌ನ, ಅಂದರೆ ಫೈನಲ್ ಸರಣಿಯ, ಮೂರನೇ ಪಂದ್ಯ 18 ಇನಿಂಗ್, 7 ಗಂಟೆ 20 ನಿಮಿಷ. 1939ರ ಇಡೀ ವರ್ಲ್ಡ್ ಸೀರೀಸ್‌ನ ನಾಲ್ಕು ಪಂದ್ಯ ಕೂಡಿಸಿದರೂ 7 ಗಂಟೆ 5 ನಿಮಿಷವೇ. ಆ ರಾತ್ರಿ ಬಾಸ್ಟನ್‌ನ ನೇಥನ್ ಇಯೋವಾಲ್ಡಿ ಬುಲ್‌ಪೆನ್‌ನಿಂದ (ರಿಲೀವರ್‌ಗಳು ಕಾಯುವ ಜಾಗ) ಬಂದು 97 ಬಾಲ್ ಎಸೆದ. ಕೊನೆಗೆ ಡಾಡ್ಜರ್ಸ್‌ನ ಮ್ಯಾಕ್ಸ್ ಮನ್ಸಿಯ ಹೋಮ್ ರನ್‌ಗೆ (ನಮ್ಮ ಸಿಕ್ಸರ್ ಥರದ್ದು) ಸೋತ. ಆದರೆ ಸರಣಿ ಗೆದ್ದದ್ದು ಬಾಸ್ಟನ್.

2025ರ ಅಕ್ಟೋಬರ್ 27ರಂದು ಮತ್ತೆ 18 ಇನಿಂಗ್. ಡಾಡ್ಜರ್ಸ್ ಮತ್ತು ಟೊರಾಂಟೊ ಬ್ಲೂ ಜೇಸ್. ಶೋಹೇ ಓಹ್ತಾನಿ ಒಂಬತ್ತು ಸಲ ಬೇಸ್ ಮುಟ್ಟಿದ, ಅದರಲ್ಲಿ ನಾಲ್ಕು ಸಲ ಬೇಕಂತಲೇ ನಡೆಸಿ ಕಳಿಸಿದ್ದರು. ಹೆಸರೇ ಕೇಳಿರದ ವಿಲ್ ಕ್ಲೈನ್ ಕೊನೆಯ ನಾಲ್ಕು ಇನಿಂಗ್ ಎಸೆದ. ಫ್ರೆಡ್ಡಿ ಫ್ರೀಮನ್ ಹೊಡೆದ ಹೋಮ್ ರನ್‌ಗೆ 6-5ರಲ್ಲಿ ಮುಗಿಯಿತು. ನಮ್ಮ ಕಡೆಯ ಗಡಿಯಾರದಲ್ಲಿ ಆಗ ಮಧ್ಯರಾತ್ರಿ ಹತ್ತಿರ, ಟೊರಾಂಟೊದಲ್ಲಿ ಸುಮಾರು ಮೂರು ಗಂಟೆ. ನಾನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಕಡೆಯವನು. ಡಾಡ್ಜರ್ಸ್ ಗೆದ್ದರೆ ನನಗೆ ಅನ್ನ ಸೇರುವುದಿಲ್ಲ. ಆದರೂ ಟಿವಿ ಆರಿಸಲಾಗಲಿಲ್ಲ. ಸೆಕೆಂಡ್ ಬೇಸ್‌ನಲ್ಲಿ ಪುಕ್ಕಟೆ ರನ್ನರ್ ಇದ್ದಿದ್ದರೆ ಕ್ಲೈನ್ ಎಂಬ ಹೆಸರು ನನಗೆ ಇವತ್ತಿಗೂ ಗೊತ್ತಿರುತ್ತಿರಲಿಲ್ಲ.

ಸೂಪರ್ ಓವರ್ ಥರ ಏನಾದ್ರೂ ಮಾಡಿ ಮುಗಿಸಬಹುದಲ್ಲ?

ಮಾಡಿದ್ದಾರೆ, ಆದರೆ ಆಲ್ ಸ್ಟಾರ್ ಪಂದ್ಯದಲ್ಲಿ, ಅಂದರೆ ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್ ಅನ್ನುವ ಎರಡು ಬಣಗಳ ಸ್ಟಾರ್‌ಗಳು ಆಡುವ ಪಂದ್ಯದಲ್ಲಿ ಮಾತ್ರ. 2002ರಲ್ಲಿ ಮಿಲ್ವಾಕಿಯಲ್ಲಿ 11 ಇನಿಂಗ್ ಆದ ಮೇಲೆ ಎರಡೂ ಕಡೆ ಪಿಚರ್‌ಗಳೇ ಉಳಿಯಲಿಲ್ಲ. 7-7ಕ್ಕೆ ಟೈ ಅಂತ ಘೋಷಿಸಿದಾಗ ಜನ ಬೊಬ್ಬೆ ಹೊಡೆದರು. ಅದಕ್ಕೇ ಈಗ ಸಮ ಬಂದರೆ ತಂಡಕ್ಕೆ ಮೂವರು, ತಲಾ ಮೂರು ಹೊಡೆತ. ಯಾರದು ಹೆಚ್ಚು ಹೋಮ್ ರನ್ ಆಗುತ್ತದೋ ಅವರು ಗೆದ್ದರು. 2025ರಲ್ಲಿ ಅಟ್ಲಾಂಟಾದಲ್ಲಿ ಮೊದಲ ಸಲ ಇದು ನಡೆಯಿತು. ಪಂದ್ಯ 6-6 ಆಗಿತ್ತು. ಕೈಲ್ ಶ್ವಾರ್ಬರ್ ಮೂರಕ್ಕೆ ಮೂರೂ ಹೊಡೆದ, ನ್ಯಾಷನಲ್ ಲೀಗ್ 4-3ರಿಂದ ಗೆದ್ದಿತು. ಮೋಜಿನ ಪಂದ್ಯಕ್ಕೆ ಮೋಜಿನ ಅಂತ್ಯ, ಚೆನ್ನಾಗಿತ್ತು.

ಪಾಯಿಂಟ್ ಎಣಿಸುವ ಪಂದ್ಯಕ್ಕೆ ಇದು ಬೇಡ. ನಮಗೆ ಇದರ ರುಚಿ ಗೊತ್ತಿದೆ. 2007ರಲ್ಲಿ ಡರ್ಬನ್‌ನಲ್ಲಿ ಪಾಕಿಸ್ತಾನದ ಮೇಲೆ ಬೌಲ್ ಔಟ್‌ನಲ್ಲಿ ಗೆದ್ದೆವಲ್ಲ. ನಮ್ಮ ರಾಬಿನ್ ಉತ್ತಪ್ಪ, ಬ್ಯಾಟ್ಸ್‌ಮನ್ ಇಲ್ಲದ ಸ್ಟಂಪ್‌ಗೆ ಬಾಲ್ ಹಾಕಿ ಟೋಪಿ ತೆಗೆದು ಬಾಗಿದ್ದು ನೆನಪಿರಬೇಕು. ಖುಷಿಯೇನೋ ಆಯಿತು. ಆದರೆ ಅದು ಕ್ರಿಕೆಟ್ಟಾ? 2019ರ ವಿಶ್ವಕಪ್ ಫೈನಲ್ ಬೌಂಡರಿ ಎಣಿಸಿ ಮುಗಿಸಿದ್ದಕ್ಕೆ ಎಷ್ಟು ಬೈಗುಳ ಬಿತ್ತು ಅಂದರೆ ಅದೇ ವರ್ಷ ಆ ನಿಯಮ ಹೋಯಿತು. ಅದರ ಬದಲು ಬಂದದ್ದು, ಸಮ ಬಂದರೆ ಮತ್ತೆ ಸೂಪರ್ ಓವರ್. 2024ರ ಜನವರಿಯಲ್ಲಿ ನಮ್ಮ ಬೆಂಗಳೂರಿನ ಚಿನ್ನಸ್ವಾಮಿಯಲ್ಲೇ ಭಾರತ ಮತ್ತು ಅಫ್ಗಾನಿಸ್ತಾನ 212-212, ಸೂಪರ್ ಓವರ್‌ನಲ್ಲಿ 16-16, ಆಮೇಲೆ ಇನ್ನೊಂದು ಸೂಪರ್ ಓವರ್. ಅಲ್ಲಿ ಕೊನೆಯವರೆಗೂ ಒಬ್ಬ ಎಸೆಯುತ್ತಿದ್ದ, ಒಬ್ಬ ಹೊಡೆಯುತ್ತಿದ್ದ. ಅದು ಆಟವಾಗಿಯೇ ಉಳಿದಿತ್ತು. ಪುಕ್ಕಟೆ ರನ್ನರ್ ವಿಷಯದಲ್ಲೂ ಒಂದು ಒಳ್ಳೆ ಮಾತು ಹೇಳಬೇಕಂದರೆ ಇದೇ. ಅದು ಬೇಸ್‌ಬಾಲನ್ನು ಬೇರೆ ಆಟ ಮಾಡಲಿಲ್ಲ, ನಡುವಿನಿಂದ ಶುರು ಮಾಡಿತು ಅಷ್ಟೆ.

ಜಪಾನ್‌ನಲ್ಲಿ ಸ್ಕೂಲ್ ಮಕ್ಕಳ ಟೂರ್ನಿಗೂ ಈ ನಿಯಮ ಬಂತಂತೆ, ಹೌದಾ?

ಹೌದು. ಅಲ್ಲಿ ಬಂದದ್ದು ತೀರಾ ಸರಿ ಅಂತ ನನ್ನ ಅಭಿಪ್ರಾಯ. ಕೋಶಿಯೆನ್ ಅಂದರೆ ಜಪಾನಿನ ಹೈಸ್ಕೂಲ್ ಬೇಸ್‌ಬಾಲ್‌ನ ಜಾತ್ರೆ. ಆಗಸ್ಟ್ ಬಿಸಿಲಲ್ಲಿ ನಡೆಯುತ್ತದೆ. 1933ರಲ್ಲಿ ಒಂದು ಪಂದ್ಯ 25 ಇನಿಂಗ್ ಹೋಗಿ 1-0ರಲ್ಲಿ ಮುಗಿದಿತ್ತು. 1998ರಲ್ಲಿ ಯೋಕೊಹಾಮಾ ಶಾಲೆಯ ದೈಸುಕೆ ಮತ್ಸುಜಾಕಾ 17 ಇನಿಂಗ್‌ನಲ್ಲಿ 250 ಬಾಲ್ ಎಸೆದ. ಹುಡುಗನಿಗೆ ಆಗ 17 ವರ್ಷ. ಇಡೀ ದೇಶ ಹೆಮ್ಮೆಪಟ್ಟಿತು, ಜೊತೆಗೆ ಹೆದರಿತು.

18 ಇನಿಂಗ್ ಆದ ಮೇಲೆ ಮರುಪಂದ್ಯ ಅಂತ ಇದ್ದದ್ದನ್ನು 2000ದಲ್ಲಿ 15ಕ್ಕೆ ಇಳಿಸಿದರು. 2018ರಲ್ಲಿ 13ನೇ ಇನಿಂಗ್‌ನಿಂದ ಇಬ್ಬರು ರನ್ನರ್ ಇಡುವ ಟೈಬ್ರೇಕ್ ಬಂತು. 2023ರಿಂದ ಅದು 10ನೆಯದರಿಂದಲೇ. ಸಂಬಳ ಪಡೆಯುವ ದೊಡ್ಡವರ ತೋಳಿಗೂ ಶಾಲೆ ಹುಡುಗನ ತೋಳಿಗೂ ಒಂದೇ ನ್ಯಾಯ ಹಾಕಲಾಗುವುದಿಲ್ಲ.

ಸರಿ, ನೀವೇ ಕಮಿಷನರ್ ಆಗಿದ್ರೆ ಏನ್ ಮಾಡ್ತಿದ್ರಿ?

ರನ್ನರ್‌ನನ್ನು ತೆಗೆಯುತ್ತಿರಲಿಲ್ಲ. ತಡವಾಗಿ ಬಾ ಅನ್ನುತ್ತಿದ್ದೆ. 10 ಮತ್ತು 11ನೇ ಇನಿಂಗ್ ಮಾಮೂಲಿನಂತೆ ಖಾಲಿ ಬೇಸ್‌ನಲ್ಲಿ ಆಡಲಿ. ಅಲ್ಲೂ ಮುಗಿಯದಿದ್ದರೆ 12ರಿಂದ ಅವನು ಬಂದು ನಿಲ್ಲಲಿ. ಎರಡು ಇನಿಂಗ್ ಅಂದರೆ ಮೂವತ್ತೈದು ನಿಮಿಷ. ಗಡಿಯಾರ ಉಳಿಸಿಕೊಟ್ಟ ಸಮಯದಲ್ಲಿ ಅಷ್ಟು ಖರ್ಚು ಮಾಡಬಹುದು. ಹೆಚ್ಚುವರಿ ಪಂದ್ಯಗಳಲ್ಲಿ ಅರ್ಧಕ್ಕೂ ಹೆಚ್ಚು ಆ ಎರಡರಲ್ಲೇ ತಾನಾಗಿ ಇತ್ಯರ್ಥ ಆಗುತ್ತವೆ. ಪಿಚರ್‌ಗಳಿಗೆ ನಿಜವಾದ ಹೊಡೆತ ಬೀಳುವುದು 14, 15ರ ಆಚೆಗೆ.

ಈಗ ಆಗುತ್ತಿರುವ ತಪ್ಪು ಅಂದರೆ ತಲೆನೋವು ಬರುವ ಮೊದಲೇ ಮಾತ್ರೆ ನುಂಗಿಸುವುದು. ಹತ್ತನೇ ಇನಿಂಗ್ ಯಾರಿಗೂ ಸುಸ್ತು ಮಾಡಿದ್ದಲ್ಲ. ಜನ ಎದ್ದು ನಿಂತು ನೋಡುವ ಹೊತ್ತು ಅದು.

ಟೈ ಮಾಡಿ ಅಂದರೂ ನಾನು ಒಪ್ಪುತ್ತೇನೆ, ಮೊದಲೇ ಹೇಳಿದೆನಲ್ಲ. ನನ್ನ ಹೆಂಡತಿ ಒಪ್ಪುವುದಿಲ್ಲ. ನಾಲ್ಕು ಗಂಟೆ ಚಳಿಯಲ್ಲಿ ಕೂತು ಏನೂ ತೀರ್ಮಾನ ಆಗದೆ ಬರುವುದಾದರೆ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗ್‌ಗೇ ಹೋಗಬಹುದಿತ್ತು ಅನ್ನುತ್ತಾಳೆ.

ಕೊನೆಯಿಲ್ಲದೆ ಆಡೋದೇ ಒಂದು ಸೊಗಸಲ್ವಾ? ಅದನ್ನ ಯಾಕೆ ಕೆಡಿಸ್ತೀರಿ?

ಸೊಗಸು ಹೌದು, ನೆನಪಿನಲ್ಲಿ. 1939ರ ಮಾರ್ಚ್‌ನಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಇಂಗ್ಲೆಂಡ್ ಕಾಲಮಿತಿ ಇಲ್ಲದ ಟೆಸ್ಟ್ ಆಡಿದವು. 3ನೇ ತಾರೀಕು ಶುರುವಾದದ್ದು 14ಕ್ಕೂ ಮುಗಿಯಲಿಲ್ಲ. ಇಂಗ್ಲೆಂಡ್‌ಗೆ 696 ಬೇಕಿತ್ತು, 5 ವಿಕೆಟ್‌ಗೆ 654 ಆಗಿತ್ತು. ಮಳೆ ಬಂತು. ಊರಿಗೆ ಹೋಗುವ ಹಡಗು ತಪ್ಪುತ್ತದೆ ಅಂತ ಬಿಟ್ಟು ಹೊರಟರು. ಆಮೇಲೆ ಅಂಥ ಟೆಸ್ಟ್ ಯಾರೂ ಆಡಲಿಲ್ಲ. ಪಾಟಕೆಟ್ ಕಥೆಯನ್ನು ನಾನು ನೂರು ಸಲ ಹೇಳಿದ್ದೇನೆ. ಆ 19 ಜನರಲ್ಲಿ ಒಬ್ಬನಾಗಿ ಕೂರುತ್ತಿದ್ದೆನಾ ಅಂತ ಕೇಳಿದರೆ, ಇಲ್ಲ ಮಾರಾಯ್ರೆ.

ಈ ನಿಯಮ ಮತ್ತೆ ಬದಲಾಗೋ ಚಾನ್ಸ್ ಇದೆಯಾ?

ಬದಲಾಯಿಸುವುದು 11 ಜನರ ಸಮಿತಿ. ಆರು ಮಂದಿ ತಂಡದ ಮಾಲೀಕರ ಕಡೆಯವರು, ನಾಲ್ವರು ಆಟಗಾರರು, ಒಬ್ಬ ಅಂಪೈರ್. ಮಾಲೀಕರ ಕಡೆಗೇ ಬಹುಮತ. 2023ರಲ್ಲಿ ಕಾಯಂ ಮಾಡಿದಾಗ ಎಲ್ಲರೂ ಒಪ್ಪಿಯೇ ಮಾಡಿದರು. ಒತ್ತಾಯ ಬರುವುದಾದರೆ ನೋಡುವವರಿಂದಲೇ ಬರಬೇಕು.

ನನಗೆ ಸ್ಕೋರ್ ಬರೆಯೋ ಹವ್ಯಾಸ. ಈ ರನ್ನರ್‌ನ ಪುಸ್ತಕದಲ್ಲಿ ಹೇಗೆ ಬರೆಯೋದು?

ನಿಯಮದ ಪ್ರಕಾರ ಅವನು ಫೀಲ್ಡಿಂಗ್ ತಪ್ಪಿನಿಂದ ಬೇಸ್ ತಲುಪಿದ ಹಾಗೆ ಲೆಕ್ಕ, ಆದರೆ ಯಾವ ಫೀಲ್ಡರ್ ಹೆಸರಿಗೂ ತಪ್ಪು ಹಾಕುವುದಿಲ್ಲ. ಅವನು ರನ್ ಗಳಿಸಿದರೆ ತಂಡಕ್ಕೆ ಒಂದು ರನ್, ಅವನ ಹೆಸರಿಗೂ ಒಂದು ರನ್. ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿಗೆ ಮಾತ್ರ ಸೇರುವುದಿಲ್ಲ. ತಮಾಷೆ ಏನೆಂದರೆ ಸೋಲು ಪಿಚರ್ ಹೆಸರಿಗೇ ಬೀಳಬಹುದು. ರನ್ ಅವನದಲ್ಲ, ಸೋಲು ಅವನದು.

ಇದನ್ನು ಮೊದಲು ಕೇಳಿದ್ದು ನಮ್ಮಪ್ಪ. ತಿಪಟೂರಿನಲ್ಲಿ ಮೇಷ್ಟ್ರಾಗಿದ್ದರು, ತಾಲ್ಲೂಕು ಕ್ರಿಕೆಟ್ ಪಂದ್ಯಗಳಿಗೆಲ್ಲ ಅವರದೇ ಸ್ಕೋರ್. ಇಲ್ಲಿಗೆ ಬಂದಾಗ ಒಂದು ಜೂನ್ ರಾತ್ರಿ ಕರೆದುಕೊಂಡು ಹೋಗಿದ್ದೆ. ಕೊಲ್ಲಿಯ ಕಡೆಯಿಂದ ಗಾಳಿ, ಮಫ್ಲರ್ ಮೇಲೆ ಮಂಕಿ ಕ್ಯಾಪ್. ತೊಡೆ ಮೇಲೆ ಉದ್ದ ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಒಂಬತ್ತು ಇನಿಂಗ್ ಒಂದು ಬಾಲ್ ಬಿಡದೆ ಬರೆದಿದ್ದರು. ಹತ್ತನೆಯದಕ್ಕೆ ತಲೆ ಎತ್ತಿ ನೋಡಿ ಗಾಬರಿ.

"ಲೋ, ಇವನು ಯಾವ ಬಾಲಿಗೆ ಅಲ್ಲಿಗೆ ಹೋದ? ನಾನು ಬರ್ಕೊಳ್ಳಲೇ ಇಲ್ವಲ್ಲ."

ನಿಯಮ ಅಪ್ಪಾ ಅಂತ ವಿವರಿಸಿದೆ. ಹಿಂದಿನ ಪುಟ ತಿರುಗಿಸಿ ಅವನು ಔಟಾದದ್ದನ್ನು ಬೆರಳಿಟ್ಟು ತೋರಿಸಿದರು. ಔಟಾದವನು ಮತ್ತೆ ಹೇಗೆ ಬಂದ ಅಂತ. ನಾನು ಮತ್ತೆ ವಿವರಿಸಿದೆ. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತರು. ಆಮೇಲೆ ಆ ಮನೆಯಲ್ಲಿ ಒಂದು ಸಣ್ಣ ಸೊನ್ನೆ ಸುತ್ತಿ, ಅದರೊಳಗೆ "ಪು" ಅಂತ ಬರೆದರು. ಈಗ ನಾನೂ ಹಾಗೇ ಬರೆಯುತ್ತೇನೆ.